ಮೂಗು ಸೋರಿದರೆ ರಜೆ ಇಲ್ಲ
ಆಟಿ ತಿಂಗಳ ಮಳೆ ಜೋರಾದರೆ ಮಡಿಕೇರಿಯಲ್ಲಿ ಶಾಲೆಗೆ ರಜೆ ಕೊಡೋದು ಡಿಸಿ. ಮಗುವಿನ ಮೈ ಬಿಸಿಯಾದರೆ ಆ ಕೆಲಸ ನಮ್ಮ ತಲೆ ಮೇಲೆ. ಅದೂ ಬೆಳಗ್ಗೆ, ಒದ್ದೆ ಯೂನಿಫಾರ್ಮ್ ಇನ್ನೂ ಒಲೆ ಮೇಲೆ ನೇತಾಡುತ್ತಿರುವಾಗ!

ಬರೀ ಶೀತ ಅಂದ್ರೆ ನಾನು ಕಳಿಸುತ್ತೇನೆ. ಈ ಮಳೆಗಾಲದಲ್ಲಿ ಇಲ್ಲಿ ಯಾವ ಮಗುವಿನ ಮೂಗು ಒಣಗಿರುತ್ತೆ ಹೇಳಿ. ಆದರೆ ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತೇ ಇಲ್ಲ, ಮನೆಯಲ್ಲೇ. ಪ್ಯಾರಸಿಟಮಾಲ್ ಕುಡಿಸಿ ಕಳಿಸೋದು ನನಗೆ ಸರಿ ಕಾಣಲ್ಲ. ನಾಲ್ಕರಿಂದ ಆರು ಗಂಟೆಯಲ್ಲಿ ಅದರ ಕೆಲಸ ಮುಗಿಯುತ್ತೆ. ಮಧ್ಯಾಹ್ನ ಊಟದ ಹೊತ್ತಿಗೆ ಜ್ವರ ವಾಪಸ್, ಹಿಂದೆಯೇ ಟೀಚರ್ ಫೋನು. ಔಷಧಿ ಇಲ್ಲದೆ 24 ಗಂಟೆ ಜ್ವರ ಬರದಿದ್ದರೆ ಮಾತ್ರ ಬ್ಯಾಗು ಹೆಗಲಿಗೆ. ವಾಂತಿ, ಭೇದಿಗೂ ಅದೇ ಲೆಕ್ಕ, ನಿಂತು ಒಂದು ದಿನ ಕಳೀಲಿ.

ಕಷ್ಟ ಇರೋದು ಹೊಟ್ಟೆನೋವಿನ ಕೇಸಲ್ಲಿ. ಅದನ್ನು ಅಳೆಯೋಕೆ ಥರ್ಮಾಮೀಟರ್ ಇಲ್ಲ. ನಾನು ಸುಮ್ನೆ ಅಕ್ಕಿರೊಟ್ಟಿ ಮುಂದಿಡುತ್ತೇನೆ. ಜೇನು ಹಚ್ಚಿಕೊಂಡು ತಿಂದು ಇನ್ನೊಂದು ಕೇಳಿದರೆ ರೇನ್‌ಕೋಟ್ ಹಾಕಿಸಿ ಬಸ್ಸು ಹತ್ತಿಸೋದೇ. ನಮ್ಮತ್ತೆ ಮಾತ್ರ, "ಪಾಪ, ಒಂದಿನ ಇರ್ಲಿ ಬಿಡು" ಅಂತ ಮೊಮ್ಮಗಳ ಪರ ವಕಾಲತ್ತು. ಅವರಿಗೂ ಮನೆಯಲ್ಲಿ ಜೊತೆ ಬೇಕು ಅಲ್ವಾ.