ಫ್ರೀಜರಿನ ಐಸಿಗೆ ಚೂರಿ ಹಾಕ್ಬೇಡಿ ಮಾರಾಯ್ರೆ

ನಮ್ಮ ಕರಾವಳಿಯವರಿಗೆ ಫ್ರೀಜರ್ ಡಿಫ್ರಾಸ್ಟ್ ಮಾಡ್ಲಿಕ್ಕೆ, ಅಂದ್ರೆ ಒಳಗೆ ಕಟ್ಟಿದ ಐಸ್ ಕರಗಿಸಿ ತೆಗೀಲಿಕ್ಕೆ, ಜುಲೈ ಕೊನೆಯಷ್ಟು ಒಳ್ಳೆ ಟೈಮ್ ಬೇರೆ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಬೋಟುಗಳಿಗೆ ರಜೆ, ಮೇ ತಿಂಗಳಲ್ಲಿ ತಂದು ತುಂಬಿಸಿಟ್ಟ ಬಂಗುಡೆ, ಅಂಜಲ್ ಎಲ್ಲ ಅಷ್ಟೊತ್ತಿಗೆ ಖಾಲಿ ಆಗಿರ್ತದೆ, ಹೊಸ ಮೀನು ಇನ್ನೂ ಬಂದಿರೋದಿಲ್ಲ. ಐಸ್ ಜಾಸ್ತಿ ಕಟ್ಟೋದೂ ಆ ಸಮಯದಲ್ಲೇ, ಯಾಕಂದ್ರೆ ಮಳೆಗಾಲದ ನಮ್ಮ ಗಾಳಿಯಲ್ಲಿ ನೀರಿನ ಪಸೆ ಸಿಕ್ಕಾಪಟ್ಟೆ, ಬಾಗಿಲು ತೆಗೆದಾಗೆಲ್ಲ ಆ ಗಾಳಿ ಒಳಗೆ ಹೋಗಿ ಫ್ರೀಜರಿನ ಗೋಡೆಗೆ ತಾಗಿ ಐಸ್ ಆಗಿ ಕೂತುಬಿಡ್ತದೆ.

ನಾನು ಹೇಳ್ತಾ ಇರೋದು ಸಿಂಗಲ್ ಡೋರ್ ಫ್ರಿಜ್ ಬಗ್ಗೆ, ಅಂಗಡಿಯವರು ಡೈರೆಕ್ಟ್ ಕೂಲ್ ಅಂತಾರಲ್ಲ, ಅದು. ಇದರಲ್ಲಿ ಐಸ್ ಕಟ್ಟೋದು ರಿಪೇರಿ ಅಲ್ಲ, ಅದರ ಸ್ವಭಾವವೇ ಹಾಗೆ. ಆದ್ರೆ ಕಾಲು ಇಂಚು ದಪ್ಪ ಆಯ್ತು ಅಂದ್ರೆ ಬಿಡ್ಬಾರ್ದು. ಐಸ್ ಅಂದ್ರೆ ತಣ್ಣಗೆ, ಜಾಸ್ತಿ ಇದ್ದಷ್ಟು ಒಳ್ಳೇದಲ್ವಾ ಅಂತ ಸುಮಾರು ಜನ ಅಂದ್ಕೊಳ್ತಾರೆ, ನಿಜವಾಗಿ ಆ ಐಸ್ ಫ್ರೀಜರಿನ ಗೋಡೆಗೆ ಕಂಬಳಿ ಹೊದೆಸಿದ ಹಾಗೆ, ಗೋಡೆಯ ತಂಪು ಸಾಮಾನಿಗೆ ತಲುಪ್ಲಿಕ್ಕೆ ಬಿಡೋದಿಲ್ಲ, ಕಂಪ್ರೆಸರ್ ನಿಲ್ಲದೆ ಓಡ್ತಾ ಇರ್ತದೆ, ಕರೆಂಟ್ ಬಿಲ್ ಏರ್ತದೆ, ಕೆಳಗೆ ಇಟ್ಟ ಹಾಲು ಮಾತ್ರ ಹುಳಿ ಬರ್ತದೆ.

ಈಗ ಚೂರಿ ವಿಷಯ. ಆ ಫ್ರೀಜರ್ ಬಾಕ್ಸಿನ ಗೋಡೆ ಬರೀ ಗೋಡೆ ಅಲ್ಲ, ತೆಳು ಅಲ್ಯೂಮಿನಿಯಂ ತಗಡು, ಅದರೊಳಗೇ ಫ್ರಿಜ್ ತಂಪು ಮಾಡುವ ಗ್ಯಾಸ್ ಹರಿಯುವ ದಾರಿ ಇರೋದು. ಐಸ್ ಇಲ್ಲದಾಗ ಕೈಯಾಡಿಸಿ ನೋಡಿ, ಉಬ್ಬು ಉಬ್ಬು ಗೆರೆ ಸಿಗ್ತದೆ, ಅದೇ. ಐಸ್ ಮುಚ್ಚಿದ ಮೇಲೆ ಆ ಗೆರೆ ಎಲ್ಲುಂಟು ಅಂತ ಯಾರಿಗೆ ಕಾಣ್ತದೆ? ನಮ್ಮ ಪಕ್ಕದ ಮನೆ ಅಕ್ಕ ಅಂಟಿ ಕೂತ ಐಸ್ ಟ್ರೇ ಎಬ್ಬಿಸ್ಲಿಕ್ಕೆ ಸ್ಕ್ರೂಡ್ರೈವರ್ ಹಾಕಿದ್ರು, ಚುಸ್ಸ್ ಅಂತ ಒಂದು ಸದ್ದು, ಅಷ್ಟೇ, ಆಮೇಲೆ ಮೋಟರ್ ಓಡ್ತದೆ, ತಂಪು ಇಲ್ಲ. ಮೆಕ್ಯಾನಿಕ್ ಬಂದು ತೂತು ಮುಚ್ಚಿ ಗ್ಯಾಸ್ ತುಂಬಿಸ್ಬಹುದು, ಆದ್ರೆ ಎಷ್ಟು ದಿನ ಬಾಳ್ತದೆ ಹೇಳ್ಲಿಕ್ಕಾಗೋದಿಲ್ಲ ಅಂದ್ರು, ಪೂರಾ ಬಾಕ್ಸ್ ಬದಲಿಸೋದಾದ್ರೆ ಮೂಗಿಗಿಂತ ಮೂಗುತಿ ಭಾರ.

ದುಡ್ಡಿನ ಮಾತು ಬಿಡಿ, ಇನ್ನೊಂದು ಉಂಟು. ಈಗ ಬರುವ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಇರೋದು ಆರ್ 600ಎ ಅನ್ನೋ ಗ್ಯಾಸ್, ಕಂಪ್ರೆಸರ್ ಹತ್ರ ಸ್ಟಿಕರಲ್ಲಿ ಬರ್ದಿರ್ತದೆ, ಬೆಂಕಿಯ ಗುರುತೂ ಇರ್ತದೆ. ಅದು ಐಸೊಬ್ಯುಟೇನ್, ನಮ್ಮ ಅಡುಗೆ ಸಿಲಿಂಡರಿನ ಗ್ಯಾಸಿನ ಜಾತಿಯದ್ದೇ, ಬೆಂಕಿ ಹಿಡೀತದೆ. ಸಿಲಿಂಡರ್ ಗ್ಯಾಸಿಗೆ ಸೇರಿಸುವ ಆ ಕೆಟ್ಟ ವಾಸನೆ ಇದಕ್ಕೆ ಇರೋದಿಲ್ಲ, ಹಾಗಾಗಿ ಮೂಗನ್ನು ನಂಬಿ ಕೂರ್ಬೇಡಿ. ಪ್ರಮಾಣ ಕಮ್ಮಿಯೇ, ಹೆದ್ರಿ ಓಡ್ಬೇಕಾಗಿಲ್ಲ, ಆದ್ರೆ ಚುಸ್ಸ್ ಅಂತ ಸದ್ದು ಬಂದ್ರೆ ಒಲೆ ಉರೀತಾ ಇದ್ರೆ ಮೊದ್ಲು ಆಫ್ ಮಾಡಿ, ಕಿಟಕಿ ಬಾಗಿಲು ತೆಗೀರಿ, ಯಾವ ಸ್ವಿಚ್ಚೂ ಮುಟ್ಬೇಡಿ, ಬೆಂಕಿಕಡ್ಡಿ ಗೀರ್ಬೇಡಿ.

ನಾನು ಮಾಡೋದು ಹೀಗೆ. ಮಳೆ ಸ್ವಲ್ಪ ಬಿಟ್ಟ ದಿನ ಬೆಳಿಗ್ಗೆ ಬೇಗ ಶುರು ಮಾಡ್ತೇನೆ. ಥರ್ಮೋಸ್ಟಾಟ್ ನಾಬಿನ ನಡುವೆ ಡಿಫ್ರಾಸ್ಟ್ ಬಟನ್ ಉಂಟಲ್ಲ, ಅದು ಒತ್ತಿದ್ರೆ ಕಂಪ್ರೆಸರ್ ನಿಲ್ತದೆ, ಐಸ್ ಕರಗಿದ ಮೇಲೆ ತಾನಾಗಿ ವಾಪಸ್ ಶುರು ಆಗ್ತದೆ, ತೆಳು ಐಸಿಗೆ ಅದೇ ಸಾಕು. ದಪ್ಪ ಐಸಿಗೆ, ನೀರು ಬಟ್ಟೆ ಹಿಡ್ಕೊಂಡು ಒಳಗೆ ಕೈ ಹಾಕ್ಲಿಕ್ಕೆ ಇದ್ರೆ, ಸ್ವಿಚ್ ಆಫ್ ಮಾಡಿ ಪ್ಲಗ್ಗೇ ಕಿತ್ತಿಡಿ, ಕೈ ಒಣಗಿದ್ದಾಗ. ಫ್ರೀಜರಲ್ಲಿ ಉಳಿದದ್ದನ್ನೆಲ್ಲ ಒತ್ತೊತ್ತಾಗಿ ಒಂದು ಪಾತ್ರೆಗೆ ಹಾಕಿ ಪೇಪರ್ ಸುತ್ತಿ ಮೇಲೆ ದಪ್ಪ ಬೆಡ್‌ಶೀಟ್ ಮುಚ್ಚಿದ್ರೆ ಸುಮಾರು ಹೊತ್ತು ತಡೀತದೆ. ಮೀನು, ಕೋಳಿ ತುಂಡಿನಲ್ಲಿ ಇನ್ನೂ ಐಸ್ ಇದ್ರೆ ವಾಪಸ್ ಇಡ್ಬಹುದು, ಪೂರ್ತಿ ಮೆತ್ತಗಾಗಿದ್ರೆ ಅವತ್ತೇ ಸಾರು ಮಾಡಿ, ಕರಗಿದ ಐಸ್‌ಕ್ರೀಮ್ ಮಾತ್ರ ದಯವಿಟ್ಟು ಇನ್ನೊಮ್ಮೆ ಗಟ್ಟಿ ಮಾಡಿ ಮಕ್ಕಳಿಗೆ ಕೊಡ್ಬೇಡಿ.

ಆಮೇಲೆ ಒಂದು ಮಡಚಿದ ಬಟ್ಟೆ ಮೇಲೆ ಸ್ಟೀಲ್ ಪಾತ್ರೆಯಲ್ಲಿ ಬಿಸಿನೀರು ಇಟ್ಟು ಫ್ರೀಜರ್ ಬಾಗಿಲು ಮುಚ್ಚಿ, ತಣಿದ ಹಾಗೆ ನೀರು ಬದಲಿಸಿ. ಬಿಸಿನೀರನ್ನು ಐಸಿನ ಮೇಲೆ ನೇರ ಹೊಯ್ಬೇಡಿ, ಕೆಳಗಿನ ಗಾಜಿನ ತಟ್ಟೆಗೆ ಬಿದ್ರೆ ಒಡೀಬಹುದು. ಸ್ವಲ್ಪ ಹೊತ್ತಲ್ಲಿ ಮೇಲಿನಿಂದ ಟಪ್ ಟಪ್ ಅಂತ ಹನಿ ಶುರು, ಐಸಿನ ಅಂಚು ಗಾಜಿನ ಹಾಗೆ ಪಾರದರ್ಶಕ ಆಗ್ತದೆ, ಗೋಡೆಗೂ ಐಸಿಗೂ ನಡುವೆ ನೀರಿನ ಒಂದು ಪದರ ಕಾಣ್ತದೆ, ಆಗ ಬೆರಳಲ್ಲಿ ಮೆಲ್ಲ ಒತ್ತಿದ್ರೆ ಇಡೀ ಹಾಳೆಯೇ ಕೈಗೆ ಬರ್ತದೆ. ಆ ಪದರ ಕಾಣುವ ಮೊದ್ಲು ಎಳೀಲೇಬೇಡಿ. ಹೇರ್ ಡ್ರೈಯರ್ ಹಿಡಿಯುವವರಿದ್ದಾರೆ, ಇಂಟರ್ನೆಟ್ಟಲ್ಲೂ ಹೇಳ್ತಾರೆ, ನೀರು ಹರಿಯುವ ಜಾಗದಲ್ಲಿ ಕರೆಂಟಿನ ಸಾಮಾನು ಹಿಡ್ಕೊಂಡು ನಿಲ್ಲೋದು ನನಗೆ ಸುತಾರಾಂ ಒಪ್ಪಿಗೆ ಇಲ್ಲ. ಅವಸರ ಇದ್ರೆ ದೂರದಲ್ಲಿ ಟೇಬಲ್ ಫ್ಯಾನ್ ಇಟ್ಟು ಫ್ರೀಜರಿನ ಕಡೆ ತಿರುಗಿಸಿ, ವಯರ್ ನೀರಿಗೆ ತಾಗದ ಹಾಗೆ. ಉಪ್ಪು ಹಾಕೋದೂ ಬೇಡ, ಅಲ್ಯೂಮಿನಿಯಂ ತಿಂದುಬಿಡ್ತದೆ.

ನೀರು ಕೆಲವು ಫ್ರಿಜ್‌ಗಳಲ್ಲಿ ಫ್ರೀಜರ್ ಕೆಳಗಿನ ಟ್ರೇಗೆ ಬೀಳ್ತದೆ, ಕೆಲವದ್ರಲ್ಲಿ ಹಿಂದಿನ ಸಣ್ಣ ತೂತಿನಿಂದ ಹೊರಗಿನ ಟ್ರೇಗೆ ಹೋಗ್ತದೆ. ತೂತಲ್ಲಿ ಕೊತ್ತಂಬರಿ ಎಲೆ ಸಿಕ್ಕಿಕೊಂಡು ತರಕಾರಿ ಡಬ್ಬದಲ್ಲಿ ನೀರು ನಿಲ್ತಾ ಇದ್ರೆ ಸೂಜಿ ಇಲ್ಲದ ಸಿರಿಂಜಲ್ಲಿ ಬೆಚ್ಚಗಿನ ನೀರು ಬಿಟ್ರೆ ಸರಿ ಆಗ್ತದೆ. ಹಿಂದಿನ ಆ ಟ್ರೇ ಸುಮಾರು ಮನೆಗಳಲ್ಲಿ ಯಾರೂ ನೋಡೋದೇ ಇಲ್ಲ. ಡೆಂಗ್ಯೂ ಸೊಳ್ಳೆಗೆ ಇಂಥ ನಿಂತ ನೀರೇ ಬೇಕಾಗಿರೋದು, ಮೊಟ್ಟೆಯಿಂದ ಸೊಳ್ಳೆ ಆಗ್ಲಿಕ್ಕೆ ಒಂದು ವಾರದ ಆಸುಪಾಸು ಸಾಕು, 2024ರಲ್ಲಿ ನಮ್ಮ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಣೆ ಮಾಡ್ಬೇಕಾಗಿ ಬಂದದ್ದು ನೆನಪಿರ್ಬಹುದು. ವಾರಕ್ಕೊಮ್ಮೆ ಆ ಟ್ರೇ ಚೆಲ್ಲಿ ತಿಕ್ಕಿ ಒಣಗಿಸಿ ಇಡಿ.

ಒಳಗೆ ಅಡುಗೆ ಸೋಡ ಹಾಕಿದ ನೀರಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಪಸೆ ಉಳಿದ್ರೆ ಅದೇ ಮತ್ತೆ ಐಸ್. ಹಾಗೇ ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಒರೆಸಿ, ಒಂದು ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿ, ಸಲೀಸಾಗಿ ಬಂದ್ರೆ ಅಲ್ಲಿಂದ ಗಾಳಿ ಒಳಗೆ ಹೋಗ್ತಾ ಉಂಟು, ಗ್ಯಾಸ್ಕೆಟ್ ಬದಲಿಸದೆ ಎಷ್ಟು ಡಿಫ್ರಾಸ್ಟ್ ಮಾಡಿದ್ರೂ ಬೇಗ ಬೇಗ ಐಸ್ ಕಟ್ತದೆ. ಪ್ಲಗ್ ಹಾಕಿ ಖಾಲಿ ಫ್ರಿಜ್ ಸ್ವಲ್ಪ ಹೊತ್ತು ಓಡ್ಲಿ, ಗೋಡೆ ತಣ್ಣಗಾದ ಮೇಲೆ ಸಾಮಾನು ಇಡಿ. ಫ್ರಾಸ್ಟ್ ಫ್ರೀ ಡಬಲ್ ಡೋರ್ ಇದ್ದವರಿಗೆ ಈ ಕೆಲಸ ಯಾವುದೂ ಇಲ್ಲ, ಅದರ ಹೀಟರ್ ತಾನೇ ಐಸ್ ಕರಗಿಸ್ತದೆ, ಅದರಲ್ಲೂ ದಪ್ಪ ಐಸ್ ಕಂಡ್ರೆ ಮೊದ್ಲು ಗ್ಯಾಸ್ಕೆಟ್ ನೋಡಿ, ಅದು ಸರಿ ಇದ್ರೆ ಹೀಟರೋ ಸೆನ್ಸರೋ ಹೋಗಿರ್ಬಹುದು, ಮೆಕ್ಯಾನಿಕ್‌ನ ಕರೀರಿ.