ವೆಸ್ಟರ್ನ್ ಪ್ಲೆಷರ್ ಕುದುರೆಯನ್ನು ಹತ್ತಿರದಲ್ಲೇ ಕೊಳ್ಳುವ ಬಗ್ಗೆ

ಉತ್ತರ ಟೆಕ್ಸಸ್‌ನ ಡೆಂಟನ್ ಕೌಂಟಿಯಲ್ಲಿ, ಪೈಲಟ್ ಪಾಯಿಂಟ್ ಮತ್ತು ಆಬ್ರಿ ಎಂಬ ಊರುಗಳ ಸುತ್ತ ಕುದುರೆ ಫಾರ್ಮುಗಳು ದಟ್ಟವಾಗಿವೆ. ಡಲ್ಲಾಸ್‌ನ ಉತ್ತರಕ್ಕೆ ನೆಲೆಸಿರುವ ನಮ್ಮಂಥ ಕನ್ನಡ ಕುಟುಂಬಗಳಿಗೆ ಅವು ಬಿಡುವಿದ್ದಾಗ ಹೋಗಿಬರುವಷ್ಟು ಹತ್ತಿರ. ವೆಸ್ಟರ್ನ್ ಪ್ಲೆಷರ್ ಎಂಬ ಸವಾರಿ ಸ್ಪರ್ಧೆಗಾಗಿ ಮಗಳಿಗೆ ಕುದುರೆ ಹುಡುಕಲು ಹೊರಟಾಗ, ಬೇರೆ ರಾಜ್ಯದ ಕುದುರೆಯನ್ನು ವಿಡಿಯೋ ನೋಡಿ ಕೊಳ್ಳಬಾರದೆಂದು ನಾವು ಮೊದಲೇ ನಿಶ್ಚಯಿಸಿದ್ದೆವು. ಅದಕ್ಕೆ ಕಾರಣ ಈ ಸವಾರಿಯ ಸ್ವರೂಪದಲ್ಲೇ ಇದೆ.

ಈ ಸ್ಪರ್ಧೆಯಲ್ಲಿ ಕುದುರೆಗಳೆಲ್ಲ ಒಟ್ಟಾಗಿ ಅಂಗಳವನ್ನು ಎರಡೂ ದಿಕ್ಕಿಗೆ ಸುತ್ತುತ್ತ, ಸಡಿಲ ಲಗಾಮಿನಲ್ಲಿ ನಡಿಗೆ, ಜಾಗ್ ಎಂಬ ಮೆಲ್ಲನೆಯ ಕುಕ್ಕುಲೋಟ ಮತ್ತು ಲೋಪ್ ಎಂಬ ಮೆಲ್ಲನೆಯ ನೆಗೆತದ ಓಟ, ಈ ಮೂರು ಗತಿಗಳನ್ನು ತೋರಿಸಬೇಕು. ತೀರ್ಪುಗಾರರು ನೋಡುವುದು ವೇಗವನ್ನಲ್ಲ, ಚಲನೆಯ ಸರಾಗತೆಯನ್ನು ಮತ್ತು ಕುದುರೆಯ ಸಮಾಧಾನವನ್ನು. ಆದರೆ ಈ ಸಮಾಧಾನವನ್ನು ಒಂದು ದಿನದ ಮಟ್ಟಿಗೆ ಹುಟ್ಟಿಸುವುದು ಕಷ್ಟವಲ್ಲ: ಗಿರಾಕಿ ಬರುವ ಮುನ್ನ ಉದ್ದ ಹಗ್ಗದಲ್ಲಿ ಸುತ್ತು ಓಡಿಸಿ ದಣಿಸಿದ ಕುದುರೆಯೂ, ಮಂಪರು ಬರಿಸುವ ಔಷಧಿ ಹಾಕಿದ ಕುದುರೆಯೂ ಸೌಮ್ಯವಾಗಿಯೇ ಕಾಣುತ್ತವೆ, ಬ್ಯೂಟ್ ಎಂಬ ನೋವುನಿವಾರಕ ಕುಂಟನ್ನೂ ಮರೆಸುತ್ತದೆ. ಹತ್ತಿರದ ಕುದುರೆಯಾದರೆ ಗಾಳಿ ಬೀಸುವ ಮುಂಜಾವಿನಲ್ಲೊಮ್ಮೆ, ಲಾಯದಲ್ಲಿ ಗದ್ದಲವಿರುವ ಸಂಜೆಯಲ್ಲೊಮ್ಮೆ ನೋಡಬಹುದು. ಅದನ್ನು ನಮ್ಮೆದುರಿಗೇ ಬಯಲಿನಿಂದ ಹಿಡಿದು ತಂದು, ಮೈ ಉಜ್ಜಿ, ಜೀನು ಬಿಗಿಯುವಂತೆ ಕೇಳಬಹುದು. ಮುನ್ಸೂಚನೆ ಇಲ್ಲದೆ ಬರುವುದನ್ನು ಒಪ್ಪದ ಒಬ್ಬ ಮಾರಾಟಗಾರರೊಡನೆ ನಾವು ಮಾತನ್ನು ಅಲ್ಲಿಗೇ ನಿಲ್ಲಿಸಿದೆವು.

ಎದುರಿಗೆ ನಿಂತಾಗ ಕಣ್ಣಿನಷ್ಟೇ ಕಿವಿಯೂ ಕೆಲಸಕ್ಕೆ ಬರುತ್ತದೆ. ಲೋಪ್‌ನಲ್ಲಿ ಗೊರಸಿನ ಸದ್ದು ಮೂರು ಪೆಟ್ಟಾಗಿ ಕೇಳಬೇಕು: ಮೊದಲು ಒಂದು ಹಿಂಗಾಲು, ಬಳಿಕ ಇನ್ನೊಂದು ಹಿಂಗಾಲು ಮತ್ತು ಅದರ ಓರೆಗಿರುವ ಮುಂಗಾಲು ಒಟ್ಟಿಗೆ, ಕೊನೆಗೆ ಉಳಿದ ಮುಂಗಾಲು. ಅತಿಯಾಗಿ ನಿಧಾನಗೊಳಿಸಿದ ಕುದುರೆಯಲ್ಲಿ ಒಟ್ಟಿಗೆ ಬೀಳಬೇಕಾದ ಆ ಜೋಡಿ ಒಡೆದು, ತಿಶ್ರ ನಡೆ ಚತುರಶ್ರಕ್ಕೆ ಜಾರಿದಂತೆ ನಾಲ್ಕು ಪೆಟ್ಟು ಕೇಳುತ್ತದೆ. ತಲೆಯನ್ನು ಹೆಗಲಿಗಿಂತ ಬಹಳ ಕೆಳಗೆ ಇಳಿಬಿಟ್ಟು ನಡೆಯುವುದೂ ದೋಷವೇ. ಇಂಥ ನಡಿಗೆಯನ್ನು ಸೌಂದರ್ಯವೆಂದು ಮಾರುವುದು ಕುದುರೆಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಈ ಸವಾರಿಗೆ ಹೆಚ್ಚಾಗಿ ಬಳಸುವುದು ಕ್ವಾರ್ಟರ್ ಹಾರ್ಸ್ ತಳಿ. ಅದರ ನೋಂದಣಿಯನ್ನು 1940ರಲ್ಲಿ ಆರಂಭವಾದ, ಟೆಕ್ಸಸ್‌ನ ಅಮೆರಿಕನ್ ಕ್ವಾರ್ಟರ್ ಹಾರ್ಸ್ ಅಸೋಸಿಯೇಷನ್ ನೋಡಿಕೊಳ್ಳುತ್ತದೆ. ವಂಶಾವಳಿಯಲ್ಲಿ ಇಂಪ್ರೆಸಿವ್ ಎಂಬ ಗಂಡು ಕುದುರೆಯ ಹೆಸರಿದ್ದರೆ, ಸ್ನಾಯುಗಳನ್ನು ಸೆಟೆಸಿ ಕುಸಿಯುವಂತೆ ಮಾಡುವ, ಆ ವಂಶದಲ್ಲಿ ಹರಿದುಬರುವ ಎಚ್‌ವೈಪಿಪಿ ಎಂಬ ರೋಗದ ವಂಶವಾಹಿ ಪರೀಕ್ಷೆಯ ಫಲಿತಾಂಶವನ್ನು ಕೇಳಲೇಬೇಕು. ಕೊಳ್ಳುವ ಮುನ್ನ ಪಶುವೈದ್ಯರು ಕಾಲನ್ನು ಮಡಿಸಿ ಹಿಡಿದು, ಬಿಟ್ಟೊಡನೆ ಓಡಿಸಿ ಕುಂಟುತ್ತದೆಯೇ ಎಂದು ನೋಡುತ್ತಾರೆ. ಮುಂಗಾಲಿನ ಗೊರಸಿನೊಳಗಿನ ನ್ಯಾವಿಕ್ಯುಲರ್ ಮೂಳೆಯ ತೊಂದರೆ ಈ ತಳಿಯಲ್ಲಿ ಹೆಚ್ಚಾದ್ದರಿಂದ ಎಕ್ಸ್‌ರೇಗೆ ಹಣ ಉಳಿಸಬಾರದು. ಪರೀಕ್ಷೆಯ ದಿನವೇ ರಕ್ತ ತೆಗೆಸಿಟ್ಟರೆ ಔಷಧಿಯ ಅನುಮಾನವೂ ತೀರುತ್ತದೆ. ಹತ್ತಿರದಲ್ಲಿ ಕೊಳ್ಳುವುದರ ಒಂದು ತೊಡಕು ಇಲ್ಲಿದೆ: ಸುತ್ತಲಿನ ಒಳ್ಳೆಯ ವೈದ್ಯರು ಮಾರಾಟಗಾರರ ವೈದ್ಯರೂ ಆಗಿರುತ್ತಾರೆ. ಆದ್ದರಿಂದ ನಾವು ಪಕ್ಕದ ಕೌಂಟಿಯವರನ್ನು ಕರೆಸಿದೆವು. ಈ ಖರೀದಿಯಲ್ಲಿ ಮಗಳ ತರಬೇತುದಾರರ ಕಮಿಷನ್ ಎಷ್ಟೆಂಬುದನ್ನೂ ಮೊದಲೇ ಬರವಣಿಗೆಯಲ್ಲಿ ಪಡೆದೆವು. ಅವರು ಅದಕ್ಕೆ ಬೇಸರಿಸಲಿಲ್ಲ.

ಕೊನೆಗೆ ಕೊಂಡದ್ದು ಬೀಜ ತೆಗೆಸಿದ, ನಡುವಯಸ್ಸಿನ ಕಂದು ಗಂಡು ಕುದುರೆ. ಹಳೆಯ ಲಾಯದಲ್ಲಿ ಲಾಳ ಕಟ್ಟುತ್ತಿದ್ದವರೇ ಈಗಲೂ ಆರು ವಾರಕ್ಕೊಮ್ಮೆ ಬರುತ್ತಾರೆ. ಮೇವು ಥಟ್ಟನೆ ಬದಲಾದರೆ ಹೊಟ್ಟೆಶೂಲೆ ಬರುವ ಅಪಾಯವಿರುವುದರಿಂದ, ಮಾರಿದವರು ಕೊಟ್ಟ ಹಳೆಯ ಹುಲ್ಲನ್ನು ಹೊಸದರೊಂದಿಗೆ ಬೆರೆಸುತ್ತ ಮಗಳು ದಿನದಿನವೂ ಅದರ ಪಾಲನ್ನು ಇಳಿಸುತ್ತಿದ್ದಾಳೆ.