ಬಿಳಿ ಊರುಗಳ ನಡುವೆ ಸೈಕಲ್ ಪಯಣ: ದಕ್ಷಿಣ ಸ್ಪೇನಿನ ಗ್ರಸಲೇಮಾ ಬೆಟ್ಟಸಾಲು

ದಕ್ಷಿಣ ಸ್ಪೇನಿನ ಆಂದಲೂಸಿಯಾದಲ್ಲಿ, ಕಾದಿಸ್ ಮತ್ತು ಮಾಲಗಾ ಪ್ರಾಂತ್ಯಗಳು ಸೇರುವ ಕಡೆ, ಗ್ರಸಲೇಮಾ ಎಂಬ ಸುಣ್ಣಕಲ್ಲಿನ ಬೆಟ್ಟಸಾಲಿದೆ. ಅದರ ಸುತ್ತಲಿನ ಊರುಗಳ ಮನೆಗಳಿಗೆಲ್ಲ ಬಿಳಿ ಸುಣ್ಣ ಬಳಿದಿರುವುದರಿಂದ ಅವನ್ನು ಒಟ್ಟಾಗಿ ಬಿಳಿ ಊರುಗಳೆಂದೇ ಕರೆಯುತ್ತಾರೆ. ಆರ್ಕೋಸ್‌ನಿಂದ ಹೊರಟು ಗ್ರಸಲೇಮಾ, ಜಹಾರಾ, ಒಲ್ವೇರಾ, ಸೆತೆನಿಲ್‌ಗಳ ಮೂಲಕ ರೋಂದಾ ನಗರವನ್ನು ತಲುಪುವ ಹಾದಿಯನ್ನು ನಾವು ಏಪ್ರಿಲ್‌ನಲ್ಲಿ ಸೈಕಲ್‌ನಲ್ಲಿ ಕ್ರಮಿಸಿದೆವು. ಇದೇ ಹಾದಿಯಲ್ಲಿ ಹೋಗಬೇಕೆಂದಿರುವವರಿಗೆ ಮೊದಲು ಹೇಳಬೇಕಾದ ಮಾತೆಂದರೆ, ಇಲ್ಲಿ ದಿನದ ಲೆಕ್ಕವನ್ನು ಕಿಲೋಮೀಟರ್‌ನಲ್ಲಿ ಹಾಕಬಾರದು, ಏರಿನಲ್ಲಿ ಹಾಕಬೇಕು.

ಅದಕ್ಕೆ ಕಾರಣ ಈ ನಾಡಿನ ಇತಿಹಾಸದಲ್ಲಿದೆ. ಹದಿಮೂರನೆಯ ಶತಮಾನದ ನಡುವಿನಿಂದ ಹದಿನೈದನೆಯ ಶತಮಾನದ ಕೊನೆಯವರೆಗೆ ಕ್ರೈಸ್ತರ ಕಸ್ತೀಲ್ ರಾಜ್ಯಕ್ಕೂ ಗ್ರನಾದಾದ ಮುಸ್ಲಿಂ ಅರಸರಿಗೂ ನಡುವಿನ ಗಡಿ ಈ ಬೆಟ್ಟಗಳಲ್ಲೇ ಹಾದುಹೋಗಿತ್ತು. ಆದ್ದರಿಂದ ಊರುಗಳು ಹೊಳೆಯ ದಂಡೆಯಲ್ಲಿ ಬೆಳೆಯದೆ ಕೋಟೆಯ ಬುಡಕ್ಕೆ, ಗುಡ್ಡದ ನೆತ್ತಿಗೆ ಅಂಟಿಕೊಂಡು ಬೆಳೆದವು. 1481ರ ಕೊನೆಯಲ್ಲಿ ಗ್ರನಾದಾದ ಸೈನ್ಯ ಜಹಾರಾ ಕೋಟೆಯ ಮೇಲೆ ನಡೆಸಿದ ದಾಳಿಯೇ ಈ ಎರಡು ರಾಜ್ಯಗಳ ನಡುವಿನ ಕೊನೆಯ ಮಹಾಯುದ್ಧಕ್ಕೆ ನಾಂದಿಯಾಯಿತು. 1484ರಲ್ಲಿ ಸೆತೆನಿಲ್, 1485ರಲ್ಲಿ ರೋಂದಾ ಕಸ್ತೀಲಿನ ವಶವಾದವು. ಇಂದಿನ ಸೈಕಲ್ ಸವಾರನಿಗೆ ಇದರ ಫಲವೆಂದರೆ, ಇಡೀ ದಿನ ತುಳಿದು ದಣಿದ ಮೇಲೆ ತಂಗುವ ಊರಿನ ಕೊನೆಯ ಒಂದೆರಡು ಕಿಲೋಮೀಟರ್ ದಿನದಲ್ಲೇ ಅತ್ಯಂತ ಕಡಿದಾಗಿರುತ್ತದೆ. ದಿನಕ್ಕೆ 35ರಿಂದ 50 ಕಿಲೋಮೀಟರ್ ಮಾತ್ರ ಇಟ್ಟುಕೊಂಡರೆ ಊರುಗಳನ್ನು ನೋಡಲು ಕಾಲುಗಳಲ್ಲಿ ಶಕ್ತಿ ಉಳಿಯುತ್ತದೆ.

ಕಾಲದ ಆಯ್ಕೆ ಬಹಳ ಮುಖ್ಯ. ಅಟ್ಲಾಂಟಿಕ್‌ನಿಂದ ಬರುವ ಮೋಡಗಳು ಮೊದಲು ತಡೆದು ನಿಲ್ಲುವುದು ಈ ಬೆಟ್ಟಸಾಲಿನಲ್ಲೇ ಆದ್ದರಿಂದ ಗ್ರಸಲೇಮಾ ಸ್ಪೇನಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು. ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆಯಾಗುತ್ತದೆ. ನಮ್ಮ ಮಳೆಗಾಲಕ್ಕೆ ವ್ಯತಿರಿಕ್ತವಾಗಿ ಅಲ್ಲಿ ಮಳೆ ಸುರಿಯುವುದು ನವೆಂಬರ್‌ನಿಂದ ಮಾರ್ಚ್‌ವರೆಗಿನ ಚಳಿಗಾಲದಲ್ಲಿ. ಜುಲೈ, ಆಗಸ್ಟ್‌ಗಳಲ್ಲಿ ತಗ್ಗಿನ ಬಯಲುಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ, ನೆರಳಿಲ್ಲದ ಆಲಿವ್ ತೋಟಗಳ ನಡುವೆ ಸೈಕಲ್ ತುಳಿಯುವುದು ಅಪಾಯವೇ ಸರಿ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ, ಇಲ್ಲವೇ ಅಕ್ಟೋಬರ್‌ನಲ್ಲಿ ಹೋಗುವುದು ಒಳ್ಳೆಯದು. ಏಪ್ರಿಲ್‌ನಲ್ಲಿ ಗೋಧಿ ಹೊಲಗಳು ಇನ್ನೂ ಹಸಿರಾಗಿದ್ದು ರಸ್ತೆಯ ಬದಿಯಲ್ಲೆಲ್ಲ ಕೆಂಪು ಗಸಗಸೆ ಹೂಗಳಿದ್ದವು. ಆದರೆ ಬೆಟ್ಟದ ಮೇಲೆ ಬೆಳಗಿನ ಚಳಿಗೆ ತೆಳುವಾದ ಗಾಳಿಯಂಗಿ ಮತ್ತು ಕೈಗವಸು ಬೇಕೇ ಬೇಕಾದವು.

ಹೊರಡುವ ಮುನ್ನಿನ ಸಿದ್ಧತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆ ವಿಮೆಯಲ್ಲಿ ಸೈಕಲ್ ಸವಾರಿಯ ಗಾಯಗಳೂ ಸೇರಿವೆಯೇ ಎಂಬುದನ್ನು ಓದಿ ನೋಡಿಕೊಳ್ಳಿ. ಬೆಂಗಳೂರಿನಿಂದ ಸ್ವಂತ ಸೈಕಲ್ಲನ್ನು ಪೆಟ್ಟಿಗೆಯಲ್ಲಿ ಕಟ್ಟಿ ಒಯ್ಯುವುದಕ್ಕಿಂತ ಸೆವಿಯಾ ಅಥವಾ ಮಾಲಗಾದಲ್ಲಿ ಬಾಡಿಗೆಗೆ ಪಡೆಯುವುದು ಸುಲಭ. ಬಾಡಿಗೆ ಪಡೆಯುವಾಗ ಹಿಂದಿನ ಚಕ್ರದಲ್ಲಿ ಏರಿಗೆ ಹಗುರವಾದ 34 ಹಲ್ಲಿನ ಗೇರ್, 32 ಮಿಲಿಮೀಟರ್ ಅಗಲದ ಟೈರ್ ಮತ್ತು ಡಿಸ್ಕ್ ಬ್ರೇಕ್ ಇರುವ ಸೈಕಲ್ಲನ್ನೇ ಕೇಳಿ. ಅಲ್ಲಿನ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಎಡಗೈಯ ಬ್ರೇಕ್ ಮುಂದಿನ ಚಕ್ರಕ್ಕಿರುತ್ತದೆ, ನಮ್ಮಲ್ಲಿ ಬಲಗೈಯದು. ಇಳಿಜಾರಿನ ತಿರುವಿನಲ್ಲಿ ಅಭ್ಯಾಸಬಲದಿಂದ ತಪ್ಪು ಕೈ ಬಿಗಿಯಾದರೆ ಬೀಳುವುದು ಖಚಿತ. ಆದ್ದರಿಂದ ಮೊದಲ ದಿನ ಸಮತಟ್ಟಾದ ಖಾಲಿ ರಸ್ತೆಯಲ್ಲಿ ಅರ್ಧ ಗಂಟೆಯಾದರೂ ಬ್ರೇಕ್ ಹಿಡಿದು ಕೈಗೆ ರೂಢಿ ಮಾಡಿಸಿ, ಅಥವಾ ಅಂಗಡಿಯಲ್ಲೇ ಅದಲುಬದಲು ಮಾಡಿಸಿಕೊಳ್ಳಿ. ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ವೃತ್ತಗಳಲ್ಲಿ ಎಡಗಡೆಯಿಂದ ಬರುವವರನ್ನು ನೋಡಬೇಕೆಂಬುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಹತ್ತಿರದ ದೊಡ್ಡ ನಗರವಾದ ಹೆರೇಸ್‌ನಿಂದ ಆರ್ಕೋಸ್‌ವರೆಗಿನ ಹೆದ್ದಾರಿ ಸೈಕಲ್‌ಗೆ ಹೇಳಿಮಾಡಿಸಿದ್ದಲ್ಲ. ಆರ್ಕೋಸ್‌ವರೆಗೆ ಬೇರೆ ವಾಹನದಲ್ಲಿ ಹೋಗಿ ಅಲ್ಲಿಂದಲೇ ಸವಾರಿ ಆರಂಭಿಸುವುದು ಮೇಲು. ಗ್ವಾದಲೇತೆ ನದಿಯ ಮೇಲಿನ ಬಂಡೆಯ ಅಂಚಿನಲ್ಲಿ ನಿಂತಿರುವ ಈ ಊರಿನಿಂದ ಎ-372 ರಸ್ತೆ ಹೊಲಗಳ ನಡುವೆ ಏರಿಳಿಯುತ್ತ ಸುಮಾರು 30 ಕಿಲೋಮೀಟರ್ ದೂರದ ಎಲ್ ಬೋಸ್ಕೆಗೆ ಹೋಗುತ್ತದೆ. ಅಲ್ಲಿಂದ ನಿಜವಾದ ಬೆಟ್ಟ ಶುರುವಾಗುತ್ತದೆ. ಬೆನಮಾಹೋಮ ದಾಟಿ 1,103 ಮೀಟರ್ ಎತ್ತರದ ಬೊಯಾರ್ ಕಣಿವೆದಾರಿಯವರೆಗೆ (ರಸ್ತೆ ಬೆಟ್ಟಸಾಲನ್ನು ದಾಟುವ ಎತ್ತರದ ಜಾಗ) ಸುಮಾರು 15 ಕಿಲೋಮೀಟರ್ ಏರು. ಎಲ್ಲಿಯೂ ವಿಪರೀತ ಕಡಿದಾಗಿಲ್ಲ, ಆದರೆ ವಿರಾಮವೂ ಕಡಿಮೆ. ಬೆನಮಾಹೋಮದಲ್ಲಿ ನೀರು ತುಂಬಿಸಿಕೊಳ್ಳಿ, ಮುಂದೆ ತುದಿಯವರೆಗೆ ಅಂಗಡಿಯಿಲ್ಲ. ತುದಿಯಿಂದ ನಾಲ್ಕೈದು ಕಿಲೋಮೀಟರ್ ಇಳಿದರೆ ಗ್ರಸಲೇಮಾ.

ಗ್ರಸಲೇಮಾದಲ್ಲಿ ಎರಡು ರಾತ್ರಿ ಉಳಿಯಿರಿ ಎಂಬುದು ನನ್ನ ಒತ್ತಾಯದ ಸಲಹೆ. ಊರು ಹಿಂದಿನಿಂದಲೂ ಉಣ್ಣೆಯ ಕಂಬಳಿಗಳಿಗೆ ಹೆಸರಾಗಿದೆ. ಸುತ್ತಲಿನ ಬೆಟ್ಟಸಾಲನ್ನು 1977ರಲ್ಲಿ ಯುನೆಸ್ಕೊ ಜೀವಗೋಳ ಮೀಸಲು ಪ್ರದೇಶವೆಂದು ಘೋಷಿಸಿತು. ಜಗತ್ತಿನ ಕೆಲವೇ ಬೆಟ್ಟಗಳಲ್ಲಿ ಉಳಿದಿರುವ ಪಿನ್ಸಾಪೊ ಎಂಬ ಪ್ರಾಚೀನ ಫರ್ ಮರದ ಕಾಡು ಇಲ್ಲಿದೆ, ಅದರೊಳಗೆ ನಡೆಯಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಉಳಿದ ದಿನದಲ್ಲಿ ಚೀಲಗಳನ್ನು ಕೋಣೆಯಲ್ಲೇ ಬಿಟ್ಟು ಎ-2302 ರಸ್ತೆಯಲ್ಲಿ ವಿಯಾಲುಎಂಗಾ ದೆಲ್ ರೊಸಾರಿಯೊದವರೆಗೆ ಹೋಗಿಬನ್ನಿ. ಕಾದಿಸ್ ಪ್ರಾಂತ್ಯದ ಅತಿ ಎತ್ತರದ ಈ ಪುಟ್ಟ ಊರು ಬೋಳು ಬಂಡೆಗಳ ಎರಡು ಗೋಡೆಗಳ ನಡುವೆ ಇದ್ದು, ಪಯೋಯಾ ತಳಿಯ ಆಡಿನ ಹಾಲಿನ ಚೀಸ್‌ಗೆ ಪ್ರಸಿದ್ಧವಾಗಿದೆ. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ರಸ್ತೆ ಇದೇ. ವಾಹನ ವಿರಳ, ಏರು ಸೌಮ್ಯ, ನೆತ್ತಿಯ ಮೇಲೆ ರಣಹದ್ದುಗಳ ಸುತ್ತಾಟ.

ಗ್ರಸಲೇಮಾದಿಂದ ಜಹಾರಾಕ್ಕೆ ಹೋಗುವ ಸಿಎ-9104 ರಸ್ತೆ ಪಲೋಮಾಸ್ ಎಂಬ ಕಣಿವೆದಾರಿಯನ್ನು ದಾಟುತ್ತದೆ. ಗ್ರಸಲೇಮಾ ಕಡೆಯಿಂದ ಏರು ಚಿಕ್ಕದು. ಜಹಾರಾ ಕಡೆಯಿಂದಾದರೆ ಹನ್ನೆರಡು ಕಿಲೋಮೀಟರ್‌ಗೂ ಹೆಚ್ಚು ಉದ್ದದ ಏರು, ನಂದಿ ಬೆಟ್ಟದ ರಸ್ತೆಗಿಂತ ಬಹಳ ದೊಡ್ಡದು. ಸಾಮಾನು ಹೊತ್ತು ಹೋಗುವವರು ನಾನು ಹೇಳಿದ ದಿಕ್ಕಿನಲ್ಲೇ ಹೋಗಿ. ಆದರೆ ಇಳಿಜಾರು ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ: ರಸ್ತೆ ಕಿರಿದು, ಹಿಮ್ಮುರಿ ತಿರುವುಗಳು ಒಂದರ ಹಿಂದೆ ಒಂದು ಬರುತ್ತವೆ, ತಿರುವಿನಾಚೆ ಆಡುಗಳ ಹಿಂಡು ನಿಂತಿರಬಹುದು. ಕೆಳಗೆ ಜಲಾಶಯದ ತಿಳಿನೀಲಿ ನೀರು ಕಾಣುವ ಕಡೆಯಲ್ಲೆಲ್ಲ ನಿಂತು ನೋಡಿ, ಓಡುತ್ತ ನೋಡಬೇಡಿ. ಶನಿವಾರ, ಭಾನುವಾರಗಳಲ್ಲಿ ಮೋಟಾರ್‌ಬೈಕ್ ಸವಾರರು ಹೆಚ್ಚು ಬರುವುದರಿಂದ ಈ ಹಾದಿಯನ್ನು ವಾರದ ನಡುವಿಗೆ ಇಟ್ಟುಕೊಳ್ಳುವುದು ಕ್ಷೇಮ.

ಜಹಾರಾದಿಂದ ಒಲ್ವೇರಾಕ್ಕೆ ನೇರವಾಗಿ ಹೋಗುವ ಎ-384 ರಸ್ತೆಯಲ್ಲಿ ಲಾರಿಗಳ ಓಡಾಟ ಬಹಳ. ಬೆಳಗ್ಗೆ ಬೇಗ ಹೊರಟು, ಅದರ ಒಂದು ತುಣುಕನ್ನು ಮಾತ್ರ ಕ್ರಮಿಸಿ ಪುಯೆರ್ತೊ ಸೆರ್ರಾನೊ ತಲುಪಿದರೆ, ಅಲ್ಲಿಂದ ಒಲ್ವೇರಾದವರೆಗೆ 36 ಕಿಲೋಮೀಟರ್ ಉದ್ದದ ವಿಯಾ ವೆರ್ದೆ ದೆ ಲಾ ಸಿಯೆರಾ ಎಂಬ ವಾಹನರಹಿತ ಹಾದಿ ಸಿಗುತ್ತದೆ. 1920ರ ದಶಕದಲ್ಲಿ ಹೆರೇಸ್ ಮತ್ತು ಅಲ್ಮಾರ್ಹೆನ್ ನಡುವೆ ರೈಲುಮಾರ್ಗಕ್ಕೆಂದು ಬೆಟ್ಟ ಕೊರೆದು ಸುರಂಗಗಳನ್ನೂ ಎತ್ತರದ ಸೇತುವೆಗಳನ್ನೂ ಕಟ್ಟಿದರು. ಕೆಲಸ ಅರ್ಧಕ್ಕೆ ನಿಂತು ಈ ಭಾಗದಲ್ಲಿ ರೈಲು ಓಡಲೇ ಇಲ್ಲ. ಈಗ ಅದೇ ಹಾಸು ನಡೆಯುವವರಿಗೂ ಸೈಕಲ್ ಸವಾರರಿಗೂ ಮೀಸಲಾಗಿದೆ. ರೈಲಿಗಾಗಿ ಹದಗೊಳಿಸಿದ ಇಳಿಜಾರಾದ್ದರಿಂದ ಏರು ಇದ್ದರೂ ಕಾಲಿಗೆ ಭಾರವೆನಿಸುವುದಿಲ್ಲ. ಒಟ್ಟು 30 ಸುರಂಗಗಳಿದ್ದು ಕೆಲವು ಬಹಳ ಉದ್ದ. ಅಲ್ಲಿನ ದೀಪಗಳನ್ನು ನಂಬದೆ ಸ್ವಂತ ದೀಪವನ್ನು ಮುಂದೆಯೂ ಹಿಂದೆಯೂ ಹಚ್ಚಿಕೊಂಡಿರಬೇಕು. ನೆಲ ಬಹುಪಾಲು ಗಟ್ಟಿಮಣ್ಣು, ಅಗಲ ಟೈರ್ ಕೇಳಿ ಎಂದದ್ದು ಇದಕ್ಕಾಗಿಯೇ. ದಾರಿಯಲ್ಲಿ ಸಾಫ್ರಮಗೋನ್ ಎಂಬ ಹೆಬ್ಬಂಡೆಯ ಮೇಲೆ ಗ್ರಿಫನ್ ರಣಹದ್ದುಗಳ ದೊಡ್ಡ ನೆಲೆಯಿದೆ. ಹಕ್ಕಿ ನೋಡುವ ಆಸಕ್ತಿಯುಳ್ಳವರು ದೂರದರ್ಶಕ ಒಯ್ದರೆ ಅರ್ಧ ದಿನ ಇಲ್ಲೇ ಕಳೆಯಬಹುದು.

ಒಲ್ವೇರಾದಿಂದ ಸೆತೆನಿಲ್ ಹತ್ತಿರವೇ. ಹೊಳೆ ಕೊರೆದ ಬಂಡೆಯ ಚಾಚಿನ ಅಡಿಯಲ್ಲೇ ಮನೆಗಳಿರುವ ಈ ಊರಿನಲ್ಲಿ ಮಧ್ಯಾಹ್ನ ಪ್ರವಾಸಿಗರ ದಟ್ಟಣೆಯಿರುತ್ತದೆ. ಬೆಳಗ್ಗೆ ಹತ್ತರೊಳಗೆ ತಲುಪಿದರೆ ನೆಮ್ಮದಿಯಿಂದ ನೋಡಬಹುದು. ಊರೊಳಗಿನ ಕಲ್ಲುಹಾಸು ನುಣುಪಾಗಿದ್ದು ಒದ್ದೆಯಾದಾಗ ಜಾರುತ್ತದೆ, ಇಳಿದು ತಳ್ಳಿಕೊಂಡು ಹೋಗುವುದೇ ಸರಿ.

ಸಸ್ಯಾಹಾರಿಗಳು ಸ್ವಲ್ಪ ಎಚ್ಚರದಿಂದಿರಬೇಕು. ಬೆಳಗ್ಗೆ ಸುಟ್ಟ ಬ್ರೆಡ್ಡಿನ ಮೇಲೆ ಟೊಮೆಟೊ ಮತ್ತು ಆಲಿವ್ ಎಣ್ಣೆ ಹಾಕಿ ಕೊಡುವ ತೊಸ್ತಾದಾ ಎಲ್ಲ ಕಡೆಯೂ ಸಿಗುತ್ತದೆ, ಸವಾರಿಗೆ ಅದು ಒಳ್ಳೆಯ ಆಹಾರ. ಆದರೆ ಬೇಳೆಯ ಸಾರಿನಲ್ಲೂ ಹಂದಿಮಾಂಸದ ತುಂಡುಗಳಿರುತ್ತವೆ, ತರಕಾರಿಯ ಸಲಾಡ್ ಎಂದು ಕೇಳಿದರೂ ಮೇಲೆ ಟ್ಯೂನಾ ಮೀನು ಬರುತ್ತದೆ. ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಅತೂನ್’ (ಮಾಂಸವಿಲ್ಲದೆ, ಹಂದಿಮಾಂಸವಿಲ್ಲದೆ, ಟ್ಯೂನಾ ಇಲ್ಲದೆ) ಎಂದು ಒಂದೊಂದನ್ನೂ ಹೆಸರಿಸಿ ಬೇಡವೆನ್ನಬೇಕು. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ದಪ್ಪ ಆಮ್ಲೆಟ್ ಆದ ತೊರ್ತಿಯಾ ಆಸರೆ. ಮಧ್ಯಾಹ್ನ ಎರಡರಿಂದ ಐದರವರೆಗೆ ಅಂಗಡಿಗಳು ಮುಚ್ಚಿರುತ್ತವೆ, ರಾತ್ರಿಯ ಅಡುಗೆ ಎಂಟೂವರೆ ಒಂಬತ್ತಕ್ಕೆ ಮುಂಚೆ ಸಿಗುವುದು ಅಪರೂಪ, ಭಾನುವಾರ ಸಣ್ಣ ಊರುಗಳಲ್ಲಿ ಬಹುಪಾಲು ಅಂಗಡಿಗಳು ತೆರೆದಿರವು. ಹಣ್ಣು, ಬಾದಾಮಿ, ಬ್ರೆಡ್ಡುಗಳನ್ನು ಶನಿವಾರವೇ ಕೊಂಡಿಟ್ಟುಕೊಳ್ಳಿ.

ಚಾಲಕರ ಸಹನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಸೈಕಲ್ಲನ್ನು ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬ ಕಾನೂನು ಅಲ್ಲಿದೆ. ತಿರುವುಗಳಲ್ಲಿ ಅವರು ನಿಮಿಷಗಟ್ಟಲೆ ಹಿಂದೆಯೇ ನಿಧಾನವಾಗಿ ಬಂದು, ಎದುರು ರಸ್ತೆ ಖಾಲಿಯಾದ ಮೇಲೆಯೇ ಮುಂದೆ ಹೋದರು. ನಮ್ಮ ಕಡೆಯಿಂದಲೂ ಶಿಸ್ತು ಬೇಕು: ಊರ ಹೊರಗೆ ಹೆಲ್ಮೆಟ್ ಧರಿಸಬೇಕು, ಮಬ್ಬು ಬೆಳಕಿನಲ್ಲಿ ಹೊಳೆಯುವ ಮೇಲಂಗಿ ತೊಡಬೇಕು, ಮದ್ಯದ ಮಿತಿ ಸೈಕಲ್ ಸವಾರರಿಗೂ ಅನ್ವಯಿಸುತ್ತದೆ. ತುರ್ತು ಕರೆಗೆ 112.

ರೋಂದಾದಲ್ಲಿ ಗ್ವಾದಲೆವೀನ್ ನದಿ ಕೊರೆದ ಕಮರಿಯ ಮೇಲೆ 1793ರಲ್ಲಿ ಪೂರ್ಣಗೊಂಡ ಹೊಸ ಸೇತುವೆ ನಗರದ ಎರಡು ಭಾಗಗಳನ್ನು ಸೇರಿಸುತ್ತದೆ. ಅದನ್ನು ಮೇಲಿನಿಂದ ನೋಡಿ ಹೊರಟುಬಿಡದೆ, ಕಾಲುದಾರಿಯಲ್ಲಿ ಕೆಳಗಿಳಿದು ನೋಡಲು ಸಂಜೆಯನ್ನು ಮೀಸಲಿಡಿ. ರೋಂದಾದಲ್ಲಿ ರೈಲು ನಿಲ್ದಾಣವಿದೆ. ಪ್ರಾದೇಶಿಕ ರೈಲುಗಳಲ್ಲಿ ಸೈಕಲ್‌ಗಳಿಗೆ ಕೆಲವೇ ಜಾಗಗಳಿರುತ್ತವೆ, ಅತಿವೇಗದ ರೈಲುಗಳಲ್ಲಿ ಬಿಚ್ಚಿ ಚೀಲದೊಳಗೆ ಇಡದೆ ಒಯ್ಯಲಾಗದು. ಆದ್ದರಿಂದ ಮರಳುವ ಟಿಕೆಟ್ ಕೊಳ್ಳುವಾಗಲೇ ಸೈಕಲ್ಲಿನ ಜಾಗವನ್ನೂ ಕಾಯ್ದಿರಿಸಿಕೊಂಡು, ಬಾಡಿಗೆ ಸೈಕಲ್ ಮರಳಿಸುವ ದಿನಕ್ಕೂ ವಿಮಾನದ ದಿನಕ್ಕೂ ನಡುವೆ ಒಂದು ದಿನ ಖಾಲಿ ಬಿಟ್ಟುಕೊಳ್ಳಿ.